ಮೊಡವೆಗೆ ಮನೆಮದ್ದು

ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಕನ್ನಡಿಗೆ ವಿಶ್ರಾಂತಿಯಿಲ್ಲ. ನಿನ್ನೆಯವರೆಗೆ ತಲೆ ಬಾಚಿಕೊಳ್ಳಲೂ ಉದಾಸೀನ ತೋರುತ್ತಿದ್ದ ಹುಡುಗಿ ಇಂದು ಅದರ ಮುಂದೆ ಅರ್ಧ ಗಂಟೆ ನಿಂತಿದ್ದಾಳೆಂದರೆ ಕೆನ್ನೆಯ ಮೇಲೊಂದು ಮೊಡವೆ ಉದಯಿಸಿದೆಯೆಂದೇ ತಿಳಿಯಬೇಕು. ಆ ಕ್ಷಣದಿಂದ ಅಡಿಗೆಕೋಣೆ ಔಷಧಾಲಯವಾಗುತ್ತದೆ, ನೆಂಟರಿಷ್ಟರೆಲ್ಲರೂ ವೈದ್ಯರಾಗುತ್ತಾರೆ.

ಕುಂದಾಪುರದ ನಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಅರಸಿನ, ಕಡಲೆಹಿಟ್ಟು ಕಲಸಿ ಹಚ್ಚಬೇಕೆಂದು ಬೈಂದೂರಿನ ಸೋದರತ್ತೆ ಹೇಳಿಕಳುಹಿಸಿದರು. ಲಿಂಬೆಯ ರಸಕ್ಕೆ ಸಮಾನವಾದುದು ಬೇರೊಂದಿಲ್ಲವೆಂದು ಬ್ರಹ್ಮಾವರದ ದೊಡ್ಡಮ್ಮನವರ ತೀರ್ಪು. ನೆರೆಮನೆಯವರು ಮುಲ್ತಾನಿ ಮಣ್ಣಿನ ಪೊಟ್ಟಣವನ್ನೇ ತಂದುಕೊಟ್ಟರು. ಹೆಂಚಿಗೆ ಹೆಸರಾದ ನಮ್ಮ ಸೀಮೆಯಲ್ಲಿ ಜೇಡಿಮಣ್ಣಿಗೇನೂ ಬರವಿಲ್ಲ. ಆದರೂ ಮುಖಕ್ಕೆ ಮಾತ್ರ ದೂರದೂರಿನ ಹೆಸರು ಹೊತ್ತ ಮಣ್ಣೇ ಆಗಬೇಕು!

ಇವರೆಲ್ಲರ ಅಂತಃಕರಣ ದೊಡ್ಡದು. ಆದರೆ ಒಂದು ದಿನ ಆ ಹುಡುಗಿ, ಸ್ವಂತ ದೊಡ್ಡಪ್ಪನ ಮಗಳ ಮದುವೆಗೂ ತಾನು ಬರಲಾರೆನೆಂದು ಕದವಿಕ್ಕಿಕೊಂಡು ಕುಳಿತಳು. ಚಪ್ಪರದೊಳಗೆ ಕಾಲಿಟ್ಟೊಡನೆ ಹತ್ತು ಮಂದಿ, "ಮೋರೆಗ್ ಎಂತ ಆಯ್ತ್ ಹೆಣ್ಣೆ?" ಎಂದು ಕೇಳುವರೆಂಬುದೇ ಅವಳ ಭಯ. ಮೊಡವೆ ಕೆನ್ನೆಯಿಂದ ಮನಸ್ಸಿಗೆ ಇಳಿದಿತ್ತು. ಆ ಬಳಿಕವೇ ನಾನು ಈ ವಿಷಯವನ್ನು ಸ್ವಲ್ಪ ಶ್ರದ್ಧೆಯಿಂದ ತಿಳಿಯಹೊರಟೆ.

ಮೊಡವೆ ಇಂದಿನ ಪೀಡೆಯಲ್ಲ. ಸುಶ್ರುತಸಂಹಿತೆ ಇದನ್ನು 'ಮುಖದೂಷಿಕಾ' ಎಂದು ಕರೆದು, ಬೂರುಗದ ಮರದ ಮುಳ್ಳಿಗೆ ಹೋಲಿಸಿ, ಯುವಕರ ಮುಖದಲ್ಲಿ ಹುಟ್ಟುವುದೆಂದು ವರ್ಣಿಸಿದೆ. ಇಂದಿನ ವೈದ್ಯಶಾಸ್ತ್ರವೂ ಯೌವನವನ್ನೇ ಬೊಟ್ಟುಮಾಡುತ್ತದೆ. ಆ ವಯಸ್ಸಿನ ಹಾರ್ಮೋನುಗಳ ಪ್ರಚೋದನೆಯಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ರೋಮರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಅಲ್ಲಿ ಸಹಜವಾಗಿಯೇ ವಾಸಿಸುವ ಸೂಕ್ಷ್ಮಾಣುಗಳು ವೃದ್ಧಿಸಿ ಉರಿಯೂತವುಂಟಾಗುತ್ತದೆ. ಮುಖ ತೊಳೆಯದ ಕೊಳಕಿನಿಂದ ಬಂದುದಲ್ಲ ಇದು. ಆದುದರಿಂದ ಉಜ್ಜಿ ಉಜ್ಜಿ ಕಳೆಯಬಹುದೆಂಬುದು ಭ್ರಮೆ. ಉಜ್ಜಿದಷ್ಟೂ ಅದು ಕೆರಳುತ್ತದೆ.

ಇನ್ನು ನಮ್ಮ ಮನೆಮದ್ದುಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ. ಸಾಣೆಕಲ್ಲಿನಲ್ಲಿ ತೇಯ್ದ ಗಂಧ ತಂಪೆನಿಸುತ್ತದೆ. ಲೋಳೆಸರದ ತಿರುಳೂ ಅನೇಕರಿಗೆ ಹಿತ; ಆದರೆ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ, ಒಂದೆರಡು ದಿನ ತುರಿಕೆಯಾಗದೆಂದು ಖಚಿತಪಡಿಸಿಕೊಳ್ಳುವುದು ಜಾಣತನ. ಲಿಂಬೆಯ ರಸವನ್ನು ಮಾತ್ರ ಪಾನಕಕ್ಕೆ ಬಿಡಬೇಕು. ಅದರ ಹುಳಿ ಚರ್ಮವನ್ನು ಸುಡುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಬೊಬ್ಬೆಯೆದ್ದು ಕಪ್ಪು ಕಲೆ ಉಳಿದೀತು. ತೆಂಗಿನೆಣ್ಣೆಯ ಮೇಲೆ ಕರಾವಳಿಯವರಾದ ನಮಗೆ ಭಕ್ತಿಯುಂಟು, ನಿಜ. ಆದರೆ ತಲೆಗೆ ಧಾರಾಳವಾಗಿ ಹಚ್ಚಿದ ಎಣ್ಣೆ ಈ ಸೆಕೆಯಲ್ಲಿ ಹಣೆಗಿಳಿದರೆ ಅಲ್ಲಿನ ರಂಧ್ರಗಳನ್ನು ಕಟ್ಟಿ ಮೊಡವೆಗೆ ಇಂಬುಕೊಡುತ್ತದೆ.

ಹಾಗೆಂದು ಗಿಡಮೂಲಿಕೆಯೆಲ್ಲ ಪೊಳ್ಳೆನ್ನಲಾಗದು. ಆಸ್ಟ್ರೇಲಿಯದಲ್ಲಿ 124 ಮಂದಿಯ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಅಲ್ಲಿನ ಟೀ ಟ್ರೀ ಎಂಬ ಮರದ ಎಣ್ಣೆಯ ಶೇಕಡಾ 5ರ ಲೇಪವು, ವೈದ್ಯರು ಕೊಡುವ ಬೆಂಜಾಯಿಲ್ ಪೆರಾಕ್ಸೈಡಿಗಿಂತ ನಿಧಾನವಾಗಿಯಾದರೂ ಗುಣ ತೋರಿತು, ಉಪದ್ರವವೂ ಕಡಿಮೆಯಿತ್ತು. ಪರೀಕ್ಷೆಗೆ ನಿಂತು ಗೆದ್ದ ಮದ್ದು ಎಲ್ಲಿಯದಾದರೇನು?

ನಿಜವಾಗಿ ಅಂಜಬೇಕಾದುದು ಅಡಿಗೆಮನೆಯ ಮದ್ದಿಗಲ್ಲ, ಗೆಳತಿಯರ ಕೈಯಿಂದ ಕೈಗೆ ದಾಟುವ ಕೊಳವೆಗಳಿಗೆ. ಮುಖವನ್ನು ಬೆಳ್ಳಗಾಗಿಸುವುದೆಂದು ಕೊಳ್ಳುವ ಕೆಲವು ಲೇಪಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ, ಬಿಟ್ಟೊಡನೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿದ್ದು ಈ ಕಾರಣದಿಂದಲೇ.

ನಮ್ಮ ಹುಡುಗಿಗೆ ಚರ್ಮವೈದ್ಯರು ಹೇಳಿದ್ದು ಸರಳ: ದಿನಕ್ಕೆರಡು ಸಲ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆಯುವುದು, ಹಣೆಗೆ ಎಣ್ಣೆ ತಾಗದಂತೆ ನೋಡಿಕೊಳ್ಳುವುದು, ಕೊಟ್ಟ ಲೇಪವನ್ನು ಎರಡು ತಿಂಗಳಾದರೂ ಬಿಡದೆ ಹಚ್ಚುವುದು, ಮೊಡವೆಯನ್ನು ಚಿವುಟದಿರುವುದು. ನಮ್ಮ ಶ್ಯಾಮಲವರ್ಣದ ಚರ್ಮದಲ್ಲಿ ಚಿವುಟಿದ ಕಲೆ ಮೊಡವೆಗಿಂತ ದೀರ್ಘಾಯು. ಗಂಟುಗಂಟಾಗಿ ನೋಯುವ, ಕುಳಿ ಬೀಳುವ ಮೊಡವೆಗಳಿದ್ದರೆ ಒಂದು ದಿನವೂ ಮನೆಯಲ್ಲಿ ಕಾಲಹರಣ ಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಆದರೆ ಯಾವ ವೈದ್ಯರೂ ಚೀಟಿಯಲ್ಲಿ ಬರೆದುಕೊಡದ ಮನೆಮದ್ದೊಂದಿದೆ. ಅದನ್ನು ಹಚ್ಚಬೇಕಾದವರು ಮಕ್ಕಳಲ್ಲ, ಹಿರಿಯರಾದ ನಾವು. ಮನೆಗೆ ಬಂದ ಹುಡುಗ ಹುಡುಗಿಯರ ಮುಖ ಕಂಡೊಡನೆ, ಓದು ಹೇಗೆ ಸಾಗಿದೆ, ಊಟವಾಯಿತೇ ಎಂದು ಕೇಳೋಣ. ಮೊಡವೆಯ ಮಾತೆತ್ತುವುದು ಬೇಡ. ಈ ಮದ್ದಿಗೆ ಕಾಸಿನ ಖರ್ಚಿಲ್ಲ, ಉರಿಯಿಲ್ಲ, ಕಲೆಯೂ ಉಳಿಯುವುದಿಲ್ಲ.