ಕಪ್ಪು ಕವಚ

ಪ್ರಿಯ ಓದುಗರಲ್ಲಿ, ವಿಶೇಷವಾಗಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ಒಂದು ಮಾತನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಈ ಲೇಖನವು ಆಟಿಕೆಗಳಿಗೆ ಬಣ್ಣ ಹಚ್ಚುವ ವಿಷಯದಿಂದ ಆರಂಭವಾಗುತ್ತದೆ. ಗುರುಗಳಿಗೆ ನಿವೃತ್ತಿಯ ನಂತರ ಬೇರೆ ಕೆಲಸವಿಲ್ಲವೆಂದು ನಗಬೇಡಿ. ನಕ್ಕರೂ ಕೊನೆಯವರೆಗೆ ಓದಿ. ನಿಮ್ಮಲ್ಲೊಬ್ಬನಿಗೆ ನಾನು ಸಲ್ಲಿಸಬೇಕಾದ ಬಾಕಿಯೊಂದು ಇದರಲ್ಲಿದೆ.

ಹೈದರಾಬಾದಿನಲ್ಲಿರುವ ಮಗಳ ಮಗ ಈ ಬೇಸಿಗೆ ರಜೆಗೆ ಸೇಡಂಗೆ ಬಂದ. ಹದಿನಾಲ್ಕರ ಹುಡುಗ. ಪ್ರತಿ ವರ್ಷ ಬರುವಾಗ ಕ್ರಿಕೆಟ್ ಬ್ಯಾಟು ತರುತ್ತಿದ್ದವನು ಈ ಸಲ ಬೂಟಿನ ಡಬ್ಬಿಯೊಂದನ್ನು ಎದೆಗವಚಿಕೊಂಡು ರೈಲಿನಿಂದಿಳಿದ. ಅದರಲ್ಲಿ ಹತ್ತಿಯ ನಡುವೆ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಇಪ್ಪತ್ತು ಪ್ಲಾಸ್ಟಿಕ್ ಸೈನಿಕರು ಮಲಗಿದ್ದರು. ಇಂಗ್ಲೆಂಡಿನಲ್ಲಿರುವ ಅವನ ಚಿಕ್ಕಪ್ಪ ತಂದುಕೊಟ್ಟದ್ದು. ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ 1987ರಲ್ಲಿ ಆರಂಭಿಸಿದ 'ವಾರ್‌ಹ್ಯಾಮರ್ 40,000' ಎಂಬ ಆಟದ ಪಾತ್ರಗಳಂತೆ ಇವರು. ಇನ್ನು ಮೂವತ್ತೆಂಟು ಸಾವಿರ ವರ್ಷಗಳ ನಂತರ ನಡೆಯುವ ಯುದ್ಧವಂತೆ! ಮನುಷ್ಯ ಅಷ್ಟು ಕಾಲವಾದರೂ ಯುದ್ಧ ಬಿಡುವುದಿಲ್ಲವೆಂಬ ನಂಬಿಕೆ ಆ ಕಂಪನಿಯವರಿಗೆ ಎಷ್ಟು ದೃಢವಾಗಿದೆ ನೋಡಿ. ಸೈನಿಕರನ್ನು ಬಿಡಿ ಬಿಡಿ ಭಾಗಗಳಾಗಿ ಕೊಡುತ್ತಾರೆ. ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಎಸೆದು ಆಡಬೇಕು. ಮೊಮ್ಮಗನ ಪಡೆಯ ಹೆಸರು 'ಬ್ಲ್ಯಾಕ್ ಟೆಂಪ್ಲರ್ಸ್'. ಮೈತುಂಬ ಕಪ್ಪು ಕವಚ, ಭುಜದ ಮೇಲೆ ಬಿಳಿ ಪಟ್ಟಿ, ಅದರಲ್ಲಿ ಕಪ್ಪು ಶಿಲುಬೆ.

ಬಂದ ಮರುದಿನವೇ ಮಧ್ಯಾಹ್ನ ಮಾಳಿಗೆಯ ಮೇಲೆ ಹೋಗಿ ಸ್ಪ್ರೇ ಡಬ್ಬಿಯಿಂದ ಎರಡು ಗೊಂಬೆಗಳಿಗೆ ಕಪ್ಪು ಹೊಡೆದ. ಕೆಳಗೆ ತಂದಾಗ ಅವನ ಮುಖ ಬಾಡಿತ್ತು. ಗೊಂಬೆಗಳ ಮೈ ಮರಳುಕಾಗದದಂತೆ ತರಿತರಿಯಾಗಿತ್ತು. ನಮ್ಮ ಮೇ ತಿಂಗಳ ಬಿಸಿಲು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಡಬ್ಬಿಯಿಂದ ಹೊರಟ ಬಣ್ಣದ ಹನಿ ಗೊಂಬೆಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿ, ಪುಡಿಯಾಗಿ ಅಂಟಿಕೊಂಡಿತ್ತು. "ನಾಳೆ ನಸುಕಿನ್ಯಾಗ ಹೊಡಿ" ಎಂದೆ. ಬೆಳಗಿನ ಆರು ಗಂಟೆಗೆ ಹೊಡೆದ ಹದಿನೆಂಟು ಗೊಂಬೆಗಳು ನುಣುಪಾಗಿ ಬಂದವು. ಆ ಕ್ಷಣದಿಂದ ನಾನು ಈ ಉದ್ಯೋಗದಲ್ಲಿ ಪಾಲುದಾರನಾದೆ.

ಆದರೆ ಸಾಲಾಗಿ ನಿಲ್ಲಿಸಿದಾಗ ಹುಡುಗನಿಗೆ ಸಮಾಧಾನವಾಗಲಿಲ್ಲ. "ಮುತ್ಯಾ, ಎಷ್ಟು ಕರ್ರಗ ಹಚ್ಚಿದರೂ ಇದು ಕಬ್ಬಿಣ ಅನಸವಲ್ತು" ಎಂದ. ನಿಜ. ಅವು ಕವಚ ತೊಟ್ಟ ವೀರರಂತೆ ಕಾಣದೆ ಸುಟ್ಟ ಕಡ್ಡಿಗಳಂತೆ ಕಾಣುತ್ತಿದ್ದವು. ಕೈ ಯಾವುದು, ಎದೆ ಯಾವುದು, ಮೊಣಕಾಲಿನ ಅಂಚು ಯಾವುದು ಒಂದೂ ತಿಳಿಯದು.

ಇಲ್ಲಿ ನನ್ನೊಳಗಿನ ವಿಜ್ಞಾನ ಮಾಸ್ತರ ಎಚ್ಚೆತ್ತ. ಕಪ್ಪೆಂದರೆ ಬೆಳಕೇ ಇಲ್ಲದ್ದು ಎಂದು ನಾವು ಪಾಠ ಹೇಳುತ್ತೇವೆ. ಅದು ಅರ್ಧ ಸತ್ಯ. ಸಾಧಾರಣ ಕಪ್ಪು ವಸ್ತು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನಾದರೂ ಹಿಂದಕ್ಕೆ ಕಳಿಸುತ್ತದೆ. ಅಂಗಳದ ಬಿಸಿಲಿನಲ್ಲಿ ಒಂದು ತುಂಡು ಇದ್ದಿಲನ್ನಿಟ್ಟು, ಪಡಸಾಲೆಯೊಳಗೆ ಒಂದು ಬಿಳಿ ಹಾಳೆಯನ್ನಿಟ್ಟು ಲೆಕ್ಕ ಹಾಕೋಣ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದರ ನೂರಕ್ಕೆ ನಾಲ್ಕು ಪಾಲೆಂದರೆ 4,000. ಪಡಸಾಲೆಯ ಬೆಳಕು 300 ಲಕ್ಸ್ ಇದ್ದರೆ, ಹಾಳೆ ಅದರ ನೂರಕ್ಕೆ ಎಂಬತ್ತನ್ನು ಮರಳಿಸಿದರೂ 240 ಮಾತ್ರ. ಅಂದರೆ ಹೊರಗಿನ ಇದ್ದಿಲು ಒಳಗಿನ ಬಿಳಿ ಹಾಳೆಗಿಂತ ಹತ್ತಾರು ಪಟ್ಟು ಹೆಚ್ಚು ಬೆಳಕನ್ನು ಕಳಿಸುತ್ತಿದೆ! ಆದರೂ ಇದ್ದಿಲು ಕಪ್ಪು, ಹಾಳೆ ಬಿಳುಪು. ಏಕೆಂದರೆ ಕಣ್ಣು ಬೆಳಕನ್ನು ಅಳೆಯುವುದಿಲ್ಲ, ಅಕ್ಕಪಕ್ಕದವುಗಳೊಡನೆ ಹೋಲಿಸುತ್ತದೆ. ಆ ನಾಲ್ಕು ಪಾಲು ಬೆಳಕು ಎಲ್ಲಿ ಕೂಡಿದೆ, ಎಲ್ಲಿ ಹರಡಿದೆ ಎಂಬುದರಿಂದಲೇ ಇದು ಕಬ್ಬಿಣ, ಇದು ಕಂಬಳಿ, ಇದು ಎಮ್ಮೆಯ ಚರ್ಮ ಎಂದು ನಾವು ಗುರುತಿಸುವುದು. ಅದನ್ನೂ ತೆಗೆದುಬಿಟ್ಟರೆ ಏನಾದೀತು? 2014ರಲ್ಲಿ ಇಂಗ್ಲೆಂಡಿನವರು 'ವ್ಯಾಂಟಾಬ್ಲ್ಯಾಕ್' ಎಂಬ ಲೇಪನವನ್ನು ತಯಾರಿಸಿದರು. ಅದು ನೂರಕ್ಕೆ 99.965 ಪಾಲು ಬೆಳಕನ್ನು ಹೀರುತ್ತದೆ. ಅದನ್ನು ಬಳಿದ ಉಬ್ಬು ಮುಖವೂ ಬರಿಯ ತೂತಿನಂತೆ ಕಾಣುತ್ತದೆ.

ಗೊಂಬೆಯ ತೊಂದರೆ ಇನ್ನೊಂದಿದೆ. ಎರಡಾಳೆತ್ತರದ ನಿಜವಾದ ಕವಚವಾಗಿದ್ದರೆ ಆಕಾಶವೇ ಅದರ ಮೇಲೆ ಬೆಳಕಿನ ಗೆರೆ ಬರೆಯುತ್ತಿತ್ತು. ಅಂಗೈಯೊಳಗಿನ ಗೊಂಬೆಯ ಅಂಚು ಕೂದಲೆಳೆಯಷ್ಟು. ಅದರ ಮೇಲೆ ಬಿದ್ದ ಹೊಳಪು ಕಣ್ಣಿಗೆ ನಿಲುಕುವುದಿಲ್ಲ. ಆದ್ದರಿಂದ ಬೆಳಕನ್ನೂ ಬಣ್ಣದಿಂದಲೇ ಬರೆಯಬೇಕು.

ಹೇಗೆ ಬರೆಯಬೇಕೆಂಬ ಪ್ರಶ್ನೆಗೆ ನನಗೆ ನೆನಪಾದದ್ದು ವಾಡಿ ಜಂಕ್ಷನ್. 1874ರಲ್ಲಿ ನಿಜಾಮರ ರೈಲುಮಾರ್ಗ ಸಿಕಂದರಾಬಾದಿನಿಂದ ಬಂದು ಮುಂಬಯಿ–ಮದರಾಸು ಮಾರ್ಗವನ್ನು ಕೂಡಿದ ಜಾಗ ಅದು. ನನ್ನ ಬಾಲ್ಯದಲ್ಲಿ ಅಲ್ಲಿ ಗೂಡ್ಸ್ ಬಂಡಿಗಳನ್ನೆಳೆಯುವ ಡಬ್ಲ್ಯುಜಿ ಎಂಬ ಉಗಿಬಂಡಿ ಎಂಜಿನುಗಳು ನಿಂತು ಉಸಿರಾಡುತ್ತಿದ್ದವು. ಚಿತ್ತರಂಜನದ ಕಾರ್ಖಾನೆ 1950ರಿಂದ ಅವುಗಳನ್ನು ತಯಾರಿಸಿತು, 1970ರಲ್ಲಿ ನಿಲ್ಲಿಸಿತು. ಎಲ್ಲವೂ ಕಪ್ಪು. ಆದರೆ ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ನಿಂತು ನೋಡಿದ ಆ ಕಪ್ಪು ಒಂದಾಗಿರಲಿಲ್ಲ. ಬಾಯ್ಲರಿನ ನೆತ್ತಿಯ ಉದ್ದಕ್ಕೂ ಆಕಾಶದ ನೀಲಿಯ ಪಟ್ಟಿ. ಹೊಟ್ಟೆಯ ಕೆಳಗೆ ಗಾಢಾಂಧಕಾರ. ಹೊಗೆಗೂಡಿನ ಮುಂಭಾಗ ಕಾವಿಗೆ ಬಣ್ಣ ಸತ್ತು ಬೂದಿಯಂತೆ. ಎಣ್ಣೆ ಸುರಿದ ಕಡೆ ಕನ್ನಡಿಯಂತೆ. ಗಾಲಿಗಳ ಬಳಿ ನಮ್ಮೂರ ಸುಣ್ಣಕಲ್ಲಿನ ಬಿಳಿ ಧೂಳು. ರಿವೆಟ್ಟುಗಳ ತಲೆಯ ಮೇಲೆ ಒಂದೊಂದು ಸಾಸಿವೆ ಕಾಳಿನಷ್ಟು ಬೆಳಕು. ಇಷ್ಟೂ ಬಣ್ಣಗಳನ್ನು ಕೂಡಿಸಿ ನಾವು 'ಕಪ್ಪು ಎಂಜಿನ್' ಎನ್ನುತ್ತಿದ್ದೆವು.

ಹುಡುಗನಿಗೆ ಎಂಜಿನ್ ತೋರಿಸುವುದೆಲ್ಲಿಂದ? ಮನೆಯ ನೆಲದ ಶಹಾಬಾದ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿದೆ. (ಮನೆಯವರು ಏನೆಂದರೆಂಬುದು ಇಲ್ಲಿ ಬೇಡ.) ಬೂದು ಬಣ್ಣದ ಕಲ್ಲು ಒದ್ದೆಯಾದಷ್ಟು ಭಾಗ ಕಪ್ಪಿಟ್ಟಿತು, ಕಿಟಕಿಯ ಬೆಳಕು ಮಾತ್ರ ಒಂದೇ ಕಡೆ ಚೂಪಾಗಿ ಹೊಳೆಯಿತು. ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ, ಆದ್ದರಿಂದ ಬೂದು. ನೀರಿನ ಪದರ ಬಂದಾಗ ಚದುರುವುದು ಕಡಿಮೆಯಾಗಿ ಹೊಳಪು ಒಂದೆಡೆ ಕೂಡುತ್ತದೆ. ಚಿಂಚೋಳಿ ಕಡೆಯ ಎರೆ ಹೊಲವನ್ನು ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯಾದ ಮೇಲೊಮ್ಮೆ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ನಯವಾದ ಲೋಹಕ್ಕೆ ಬೆಳಕಿನ ಗೆರೆ ಕಿರಿದು ಮತ್ತು ತೀಕ್ಷ್ಣ. ಬಟ್ಟೆಗೆ ಅಗಲ ಮತ್ತು ಮಂಕು. ಈ ಒಂದು ಸಂಗತಿ ತಿಳಿದರೆ ಕೆಲಸ ಮುಕ್ಕಾಲು ಮುಗಿದಂತೆ.

ಉಳಿದದ್ದು ಕೈಯ ಸಂಯಮ. ಹುಡುಗನ ಬಳಿ ಪುಟ್ಟ ಶೀಶೆಗಳಿದ್ದವು. 'ಅಬ್ಯಾಡನ್ ಬ್ಲ್ಯಾಕ್' ಎಂಬುದು ಅಪ್ಪಟ ಕಪ್ಪು. 'ಕಾರ್ವಸ್ ಬ್ಲ್ಯಾಕ್' ಎಂಬುದು ಹೆಸರಿನಲ್ಲಿ ಕಪ್ಪಾದರೂ ಬೂದು ಬೆರೆತದ್ದು. ಮೊದಲು ನೀಲಿ ಛಾಯೆಯ ಗಾಢ ಬೂದನ್ನು ನೀರಿನಿಂದ ತೆಳುಮಾಡಿ, ಭುಜ, ನೆತ್ತಿ, ಮಂಡಿ ಹೀಗೆ ಮೇಲ್ಮುಖವಾದ ಭಾಗಗಳ ಮೇಲಷ್ಟೇ ಸವರಿದೆವು. ಅದರ ಮೇಲೆ ಇನ್ನಷ್ಟು ತಿಳಿಯಾದ ಬೂದನ್ನು ಕುಂಚದ ತುದಿಯಿಂದಲ್ಲ, ಅದರ ಬದಿಯಿಂದ, ಕವಚದ ಅಂಚಿಗುಂಟ ಎಳೆದೆವು. ಕೊನೆಗೆ ಮೂಲೆಗಳಲ್ಲಿ ಮಾತ್ರ ಬಹುತೇಕ ಬಿಳಿಯಾದ ಒಂದೊಂದು ಚುಕ್ಕೆ. ಎಲ್ಲ ಅಂಚಿಗೂ ಒಂದೇ ದಪ್ಪದ ಗೆರೆ ಎಳೆದರೆ ಅದು ಮಕ್ಕಳ ಬಣ್ಣದ ಪುಸ್ತಕವಾಗುತ್ತದೆ. ಗೆರೆ ಹೆಚ್ಚಾದರೆ ಕಪ್ಪು ಹೋಗಿ ಬೂದು ಕವಚವಾಗುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ಕಪ್ಪಾಗಿಯೇ ಉಳಿಯಬೇಕು. ತಪ್ಪಿದಲ್ಲಿ ಕಪ್ಪು ಬಣ್ಣದಿಂದಲೇ ತಿದ್ದಬಹುದು. ಕಪ್ಪಿಗಿರುವ ಔದಾರ್ಯ ಅದು; ಬಿಳಿಯಲ್ಲಿ ತಪ್ಪಿದರೆ ಕ್ಷಮೆಯಿಲ್ಲ. ಪಾದಗಳಿಗೆ ನಮ್ಮ ನೆಲದ ಬಿಳಿ ಧೂಳಿನ ಬಣ್ಣ ಒಂದಿಷ್ಟು. ಕಣ್ಣಿಗೆ ಒಂದು ಕೆಂಪು ಚುಕ್ಕೆ ಇಟ್ಟಾಗ ಕಪ್ಪು ಇಮ್ಮಡಿಯಾಯಿತು.

ಕಪ್ಪಿನಲ್ಲಿಯೂ ತಂಪು ಬಿಸಿ ಎಂಬ ಭೇದವಿದೆಯೆಂದು ನಾನು ಒಪ್ಪಿದ್ದು ಪುಸ್ತಕದಿಂದಲ್ಲ. 2022ರಲ್ಲಿ ನನ್ನ ಎಡಗಣ್ಣಿನ ಪೊರೆ ತೆಗೆಸಿದಾಗ, ಆ ಕಣ್ಣಿಗೆ ನನ್ನ ಕೊಡೆ ನೀಲಿಗಪ್ಪಾಗಿಯೂ ಪೊರೆಯಿದ್ದ ಬಲಗಣ್ಣಿಗೆ ಕಂದುಗಪ್ಪಾಗಿಯೂ ಕಾಣುತ್ತಿತ್ತು. ಒಂದೇ ಕೊಡೆ! ಮೊಮ್ಮಗನಿಗೆ ಇದನ್ನು ಹೇಳಿ, ಕವಚಕ್ಕೆ ಎಡಗಣ್ಣಿನ ಕಪ್ಪು, ಸೊಂಟದ ಚರ್ಮದ ಪಟ್ಟಿಗೆ ಬಲಗಣ್ಣಿನ ಕಪ್ಪು ಎಂದು ನಿರ್ಧರಿಸಿದೆವು. ಕವಚದ ಬೂದಿಗೆ ನೀಲಿ, ಚರ್ಮದ ಬೂದಿಗೆ ಕಂದು ಬೆರೆಸಿದೆವು.

ಮೂರನೆಯ ದಿನ ಸಂಜೆ ಮೊದಲನೆಯ ಸೈನಿಕ ಸಿದ್ಧನಾಗಿ ಕಿಟಕಿಯ ಕಟ್ಟೆಯ ಮೇಲೆ ನಿಂತ. ಕೈಗೆತ್ತಿಕೊಂಡರೆ ಎಲ್ಲಿ ಭಾರವಾಗಿರುವನೋ ಎಂಬಷ್ಟು ಕಬ್ಬಿಣವಾಗಿದ್ದ. ಮೊಮ್ಮಗ ಕುಣಿದಾಡಿದ. ನನಗೆ ಮಾತ್ರ ಎದೆಯಲ್ಲಿ ಏನೋ ಕುಸಿದಂತಾಯಿತು. ಏಕೆಂದರೆ ಈ ಬೂದು ಗೆರೆಗಳನ್ನು ಕಪ್ಪು ಕವಚದ ಅಂಚಿನಲ್ಲಿ ನಾನು ಹಿಂದೊಮ್ಮೆ ನೋಡಿದ್ದೆ.

1991. ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನಿದ್ದ ಕಾಲ. ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ನೃಪತುಂಗನ ಕುರಿತು ನಾವೇ ಬರೆದ ನಾಟಕ. ಮಳಖೇಡದ ನೆರೆಯವರು ಮಾನ್ಯಖೇಟದ ನಾಟಕವಾಡದಿದ್ದರೆ ಹೇಗೆ? ಸೈನಿಕರ ಕವಚಗಳನ್ನು ರಟ್ಟಿನ ಡಬ್ಬಿ ಕತ್ತರಿಸಿ ಮಾಡಿದ್ದೆವು. ಬಣ್ಣ ಹಚ್ಚುವ ಕೆಲಸವನ್ನು ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ವಹಿಸಿದ್ದೆ. ಗಣಿತದಲ್ಲಿ ಹಿಂದೆ, ಚಿತ್ರದಲ್ಲಿ ಮುಂದೆ. ಹಲಗೆಗೆ ಹಚ್ಚುವ ಕಪ್ಪು ಬಣ್ಣವನ್ನು ಕೊಟ್ಟಿದ್ದೆ. ನಾಟಕದ ಹಿಂದಿನ ದಿನ ಹೋಗಿ ನೋಡಿದರೆ, ಕಪ್ಪಿನ ಮೇಲೆ ಸೀಮೆಸುಣ್ಣ ಮತ್ತು ನೀಲಿ ಕಲಸಿ ಅಂಚಿಗೆಲ್ಲ ಗೆರೆ ಎಳೆದಿದ್ದ.

"ಇದೇನೋ ಹೊಲಸು?" ಎಂದೆ.

"ಬೆಳಕು ಬಿದ್ದರ ಹಿಂಗ ಕಾಣ್ತದರಿ ಸರ್. ವಾಡ್ಯಾಗ ಎಂಜಿನ್ ನೋಡೀನ್ರಿ."

ಎಂಟು ಜನ ಹುಡುಗರ ಮುಂದೆ, "ಕಪ್ಪು ಅಂದರ ಕಪ್ಪು. ಜಾಣತನ ಪರೀಕ್ಷೆದಾಗ ತೋರಿಸು" ಎಂದು ಹೇಳಿ, ನಾನೇ ನಿಂತು ಅವನ ಕೈಯಿಂದಲೇ ಎಲ್ಲ ಗೆರೆಗಳ ಮೇಲೆ ಕಪ್ಪು ಬಳಿಸಿದೆ. ಹನ್ನೆರಡು ಕವಚಗಳು. ಅವನು ಒಂದು ಮಾತೂ ಆಡಲಿಲ್ಲ.

ಮರುದಿನ ರಾತ್ರಿ ಪರದೆ ಸರಿಯಿತು. ಹಿಂದೆ ಗಾಢ ನೀಲಿ ಪರದೆ, ಎದುರಿಗೆ ಎರಡು ದೀಪ. ಸೈನಿಕರು ಬಂದರು, ಬಂದದ್ದು ತಲೆಗಳು ಮತ್ತು ಕೈಗಳು ಮಾತ್ರ. ಮೈಯಿದ್ದ ಜಾಗದಲ್ಲಿ ತೂತು. "ತಲಿ ಅಷ್ಟೇ ನಡೀಲಾಕತ್ತಾವಲ್ಲೋ!" ಎಂದು ಯಾರೋ ಕೂಗಿದರು. ನೃಪತುಂಗನ ಆಸ್ಥಾನ ನಗೆಯಲ್ಲಿ ಮುಳುಗಿತು. ನಾನು ದೀಪದವನನ್ನು ಬೈದೆ. ಪರದೆಯ ಮರೆಯಲ್ಲಿ ನಿಂತಿದ್ದ ಆ ಹುಡುಗನ ಕಡೆಗೆ ನೋಡುವ ಧೈರ್ಯ ನನಗಾಗಲಿಲ್ಲ. ಅವನು ಮತ್ತೆ ನನಗೆ ಚಿತ್ರದ ಪುಸ್ತಕ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಇಪ್ಪತ್ತೆಂಟು ವರ್ಷ ತರಗತಿಗಳಲ್ಲಿ ಬೆಳಕಿನ ಪ್ರತಿಫಲನದ ಪಾಠ ಮಾಡುತ್ತಲೇ ಇದ್ದೆ.

2008ರಲ್ಲಿ ಒಮ್ಮೆ ವಾಡಿಯಲ್ಲಿ ರೈಲು ತಪ್ಪಿ, ರಸ್ತೆ ಬದಿಯಲ್ಲಿ ನಿಂತಿದ್ದ ಸಿಮೆಂಟ್ ಲಾರಿಯೊಂದರ ಮೇಲೆ ಅಕ್ಷರ ಬರೆಯುತ್ತಿದ್ದ ಪೇಂಟರನನ್ನು ನೋಡುತ್ತ ನಿಂತಿದ್ದೆ. ಹಳದಿಯ ಮೇಲೆ ಕಪ್ಪು ಅಕ್ಷರ. ಪ್ರತಿ ಅಕ್ಷರದ ಎಡ ಅಂಚಿಗೆ ಕೂದಲಿನಷ್ಟು ತೆಳುವಾದ ತಿಳಿನೀಲಿ ಗೆರೆ. ಅಕ್ಷರಗಳು ತಗಡಿನಿಂದ ಎದ್ದು ಬಂದಂತಿದ್ದವು. ಅವನು ತಿರುಗಿ ನೋಡಿ, ಕುಂಚ ಕೆಳಗಿಟ್ಟು ಕಾಲಿಗೆರಗಿದ. "ಗುರ್ತು ಸಿಕ್ಕಿತೇನ್ರಿ ಸರ್?" ಎಂದ. ಸಿಕ್ಕಿತ್ತು. ಚಹಾ ತರಿಸಿದ. ಮಕ್ಕಳ ಓದಿನ ಬಗ್ಗೆ, ಮಳೆಯ ಬಗ್ಗೆ ಮಾತಾಡಿದೆವು. "ಅಕ್ಷರ ಚೆನ್ನಾಗಿವೆ" ಎಂದಷ್ಟೇ ಹೇಳಿ ಮುಂದಿನ ಗಾಡಿ ಹಿಡಿದೆ. ಆಡಬೇಕಾಗಿದ್ದ ಮಾತು ಬೇರೆ ಇತ್ತು. ಅದು ಗಂಟಲಲ್ಲಿಯೇ ಉಳಿಯಿತು. ಇವತ್ತು ಬರೆಯುತ್ತೇನೆ: ಅಂದು ನೀನು ಸರಿಯಾಗಿದ್ದೆಯಪ್ಪಾ, ನಾನು ತಪ್ಪು ಮಾಡಿದೆ. ಅದು ತಪ್ಪೆಂದು ನನಗೆ ಆ ರಾತ್ರಿಯೇ ಗೊತ್ತಾಗಿತ್ತು.

ಮೊಮ್ಮಗ ರಜೆ ಮುಗಿಸಿ ಹೊರಡುವಾಗ ಒಂದು ಗೊಂಬೆ ಕೇಳಿದೆ. ಬಹಳ ಯೋಚಿಸಿದ. "ಹತ್ತರ ತುಕಡಿ ಒಡೀತದ ಮುತ್ಯಾ" ಎಂದ. ಯಾರಿಗೆಂದು ಹೇಳಿದ ಮೇಲೆ ಒಪ್ಪಿ, ಇನ್ನೂ ಗೆರೆ ಎಳೆಯದ ಒಬ್ಬನನ್ನು ಆರಿಸಿ ಕೊಟ್ಟ. ಜೊತೆಗೆ ಬೂದು ಬಣ್ಣದ ಅರ್ಧ ಶೀಶೆ, ಒಂದು ಸಣ್ಣ ಕುಂಚ. ಮೂರೂ ನನ್ನ ಮೇಜಿನ ಮೇಲಿವೆ. ನಿನ್ನ ಮಕ್ಕಳಲ್ಲಿ ಯಾರಾದರೂ ಇದನ್ನು ಓದಿ ಹೇಳಿದರೆ ಬಾ. ಸೇಡಂ ಸ್ಟೇಷನ್ನಿನಲ್ಲಿ ಇಳಿದು ಮಾಸ್ತರರ ಮನೆ ಎಂದು ಕೇಳಿದರೆ ತೋರಿಸುತ್ತಾರೆ. ಬೆಳಗಿನ ಗಾಡಿಗೇ ಬಾ. ಬಿಸಿಲೇರಿದ ಮೇಲೆ ಬಣ್ಣ ಕೂಡುವುದಿಲ್ಲ.