ಮಡಿಯಲ್ಲಿರುವ ದ್ವೀಪ

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರು ಪಡುವಲಿಗೆ, ಶಾಂತಸಾಗರದ ನಡುವೆ, ಗಾಲಾಪಗೋಸ್ ಎಂಬ ದ್ವೀಪಗಳ ಗುಂಪಿದೆ. ಅವುಗಳಲ್ಲಿ ಫರ್ನಾಂಡಿನಾವನ್ನು ದ್ವೀಪವೆನ್ನುವುದಕ್ಕಿಂತ, ಕಡಲಿನಿಂದ ತಲೆಯೆತ್ತಿ ನಿಂತ ಒಂದೇ ಒಂದು ಅಗ್ನಿಪರ್ವತವೆಂದು ಹೇಳುವುದೇ ಸರಿ. ಅಲ್ಲಿ ಮನೆಯಿಲ್ಲ, ಮಠವಿಲ್ಲ, ಕುಡಿಯುವ ನೀರಿನ ಬಾವಿಯಿಲ್ಲ.

ಬೆಳಗಾಗುತ್ತಲೇ ನಮ್ಮ ಹಡಗು ಪುಂಟಾ ಎಸ್ಪಿನೋಸಾ ಎಂಬ ಭೂಶಿರದ ಎದುರು ಲಂಗರು ಹಾಕಿತು. ದೋಣಿಗಿಳಿಯುವ ಮುನ್ನ ಮಾರ್ಗದರ್ಶಕನು ನಮ್ಮೆಲ್ಲರ ಪಾದರಕ್ಷೆಗಳ ಅಡಿಯನ್ನು ತೊಳೆಯಿಸಿ, ಕಾಲುಚೀಲಗಳನ್ನು ಮಗುಚಿ ನೋಡಿದನು. ಸಹಯಾತ್ರಿಕರೊಬ್ಬರ ಕಾಲುಚೀಲದ ಹೆಣಿಗೆಯಲ್ಲಿ ಎಳ್ಳಿಗಿಂತಲೂ ಚಿಕ್ಕದಾದ ಹುಲ್ಲಿನ ಬೀಜವೊಂದು ಸಿಕ್ಕಿತು. ಅದನ್ನು ಕಿತ್ತು ಶೀಸೆಯೊಳಗಿಟ್ಟು ಬಿರಡೆ ಹಾಕಿದನು. ನಮ್ಮೊಡನಿದ್ದ ಸೋದರತ್ತೆಯವರು ಇದನ್ನೆಲ್ಲ ನೋಡಿ, “ಮಡಿ ಎಂದರೆ ಇದು ಕಣಪ್ಪ!” ಎಂದರು. ಅದಕ್ಕಿಂತ ಯುಕ್ತವಾದ ಮಾತು ನಮಗೆ ಆ ದಿನವೆಲ್ಲ ದೊರೆಯಲಿಲ್ಲ. ಮನುಷ್ಯನು ಹೋದೆಡೆಗೆಲ್ಲ ಬೆನ್ನುಹತ್ತಿ ಹೋಗುವ ಹಡಗಿನ ಇಲಿ, ಬೆಕ್ಕು, ಆಡುಗಳಾವುವೂ ಇಲ್ಲಿ ನೆಲೆಯೂರಿಲ್ಲ.

ಇಳಿದ ನೆಲವೆಲ್ಲ ಕಪ್ಪು. ಕೆಲವೆಡೆ ಲಾವಾರಸವು ಹರಿಯುತ್ತ ಮೇಲೆ ಕೆನೆಗಟ್ಟಿ, ಒಳಗಿನ ಓಟಕ್ಕೆ ಆ ಕೆನೆಯು ಮುದುಡಿ, ಹಗ್ಗದ ಸುರುಳಿಗಳಂತೆ ಹೆಪ್ಪಾಗಿದೆ. ಕೆಲವೆಡೆ ಕಮ್ಮಾರನ ಕುಲುಮೆಯ ಕಿಟ್ಟದಂತೆ ಒಡೆದು ರಾಶಿಬಿದ್ದಿದೆ. ಮಣ್ಣಿನ ಹೆಸರೇ ಇಲ್ಲದ ಬಿರುಕುಗಳಲ್ಲಿ ಗಿಡ್ಡನೆಯ ಕಳ್ಳಿಗಳು ಬದುಕಿವೆ. ಆ ಬಂಡೆಗಳ ಮೇಲೆ ನಮ್ಮ ಉಡವನ್ನು ಹೋಲುವ ಕಡಲ ಇಗ್ವಾನಾಗಳು ನೂರುಗಟ್ಟಲೆ, ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯುತ್ತಿದ್ದವು. ಕಡಲೊಳಗೆ ಮುಳುಗಿ ಪಾಚಿಯನ್ನು ಮೇಯುವ ಹಲ್ಲಿಜಾತಿ ಪ್ರಪಂಚದಲ್ಲಿ ಇದೊಂದೇ. ನುಂಗಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುವುದರಿಂದ, ನಸ್ಯ ಸೇದುವವರ ಸಭೆಯಲ್ಲಿ ನಿಂತಂತೆ ನಮಗೆ ತೋರಿತು.

ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಹಾರಲಾರದ ನೀರುಕಾಗೆ. ಇದು ಫರ್ನಾಂಡಿನಾ ಮತ್ತು ನೆರೆಯ ಇಸಬೆಲಾ ದ್ವೀಪಗಳ ಹೊರತು ಇನ್ನೆಲ್ಲಿಯೂ ಇಲ್ಲ. ಅಟ್ಟಿಸಿಕೊಂಡು ಬರುವ ಮೃಗವಿಲ್ಲದ ನೆಲದಲ್ಲಿ, ತಲೆತಲಾಂತರಗಳು ಕಳೆಯುತ್ತ, ರೆಕ್ಕೆಯು ಕುಗ್ಗಿ ಮೋಟಾಯಿತು. ಕಾಲು ಬಲಿತು ಈಜು ಹೆಚ್ಚಿತು. ಮೀನು ಹಿಡಿದು ಬಂದ ಹಕ್ಕಿಯೊಂದು ಆ ಮೋಟು ರೆಕ್ಕೆಗಳನ್ನೇ ಹರಡಿ ಆರಿಸುತ್ತ ನಿಂತಿತ್ತು. ಮತ್ತೊಂದು ಕಡಲಪಾಚಿಯ ಎಳೆಯೊಂದನ್ನು ಕೊಕ್ಕಿನಲ್ಲಿ ತಂದು ಗೂಡಿನಲ್ಲಿದ್ದ ಹೆಂಡತಿಗೆ ಒಪ್ಪಿಸಿತು. ಆಕೆ ಅದನ್ನು ತಿರುಗಿಸಿ ನೋಡಿ ಮೂಲೆಯಲ್ಲಿ ಸೇರಿಸಿದಳು. ಬರಿಗೈಯಲ್ಲಿ ಮನೆಗೆ ಬರುವ ಗಂಡಸರು ಇದನ್ನು ನೋಡಬೇಕೆಂದು ಅತ್ತೆಯವರ ಅಭಿಪ್ರಾಯ. ನಾವು ಎರಡು ಮೀಟರು ದೂರದಲ್ಲಿ ನಿಂತಿದ್ದರೂ ಅವುಗಳಿಗೆ ಭಯವಿಲ್ಲ. ಈ ನಿರ್ಭಯವೇ ಅವುಗಳ ಅಪಾಯ: ಕೆಲವು ಬೆಕ್ಕುಗಳು ದಡ ಹತ್ತಿದರೆ ಇಂಥ ಗೂಡುಗಳು ಉಳಿಯುವುದು ಕಷ್ಟ. ಇಸಬೆಲಾದಲ್ಲಿ ಬೆಕ್ಕುಗಳುಂಟು; ನಡುವೆ ಇರುವುದು ಕಿರಿದಾದ ಜಲಸಂಧಿ. 1982-83ರಲ್ಲಿ ಎಲ್ ನಿನ್ಯೊ ಬಂದು ಕಡಲು ಬಿಸಿಯಾಗಿ ಮೀನು ಕಡಿಮೆಯಾದಾಗ ಈ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟು ಅಳಿದವು.

ಪರ್ವತವೂ ಸುಮ್ಮನಿಲ್ಲ. 1968ರಲ್ಲಿ ಅದರ ಶಿಖರದ ಕುಂಡದ ತಳವು 300 ಮೀಟರುಗಳಿಗೂ ಹೆಚ್ಚು ಕುಸಿಯಿತು. 2024ರ ಮಾರ್ಚಿಯಲ್ಲಿ ಮತ್ತೆ ಬೆಂಕಿ ಕಾರಿತು.

ಮಧ್ಯಾಹ್ನ ಜಲಸಂಧಿಯನ್ನು ದಾಟಿ ಇಸಬೆಲಾದ ಟ್ಯಾಗಸ್ ಕೊಲ್ಲಿಗೆ ಹೋದೆವು. ಅಲ್ಲಿಯ ಬಂಡೆಗಳ ಮೇಲೆ 1836ರಿಂದ ಮೊದಲಾಗಿ ನಾವಿಕರು ತಮ್ಮ ಹಡಗುಗಳ ಹೆಸರುಗಳನ್ನು ಬರೆದು ಹೋಗಿದ್ದಾರೆ. ಈ ಚಾಪಲ್ಯ ನಮ್ಮ ಹಂಪೆಯ ಕಂಬಗಳನ್ನೂ ಬಿಟ್ಟಿಲ್ಲ. ಅದಕ್ಕೆ ಹಿಂದಿನ ವರ್ಷ ಈ ಕಡೆ ಬಂದಿದ್ದ ಡಾರ್ವಿನ್ನರು ಬಾಯಾರಿ, ಬೆಟ್ಟದ ಕುಂಡವೊಂದರಲ್ಲಿ ಕಂಡ ಸರೋವರಕ್ಕೆ ಓಡಿಹೋಗಿ ನೀರು ಬಾಯಿಗಿಟ್ಟರೆ, ಅಪ್ಪಟ ಉಪ್ಪು!

ಸಂಜೆ ಹಡಗಿನ ಮೇಲೆ ಕುಳಿತಾಗ ಮಾರ್ಗದರ್ಶಕನು ಆಮೆಯ ಕಥೆ ಹೇಳಿದನು. ಫರ್ನಾಂಡಿನಾದ ದೈತ್ಯ ಆಮೆಯೊಂದನ್ನು 1906ರಲ್ಲಿ ಹಿಡಿದಿದ್ದರು. ಅನಂತರ ಆ ಕುಲವೇ ಅಳಿಯಿತೆಂದು ಎಲ್ಲರೂ ನಂಬಿದರು. 2019ರಲ್ಲಿ ಲಾವಾ ಹರಿವುಗಳ ನಡುವೆ ಉಳಿದಿದ್ದ ಹಸುರಿನಲ್ಲಿ ಒಂಟಿ ಹೆಣ್ಣಾಮೆಯೊಂದು ಸಿಕ್ಕಿತು; ಅದು ಅದೇ ಕುಲದ್ದೆಂದು 2021ರಲ್ಲಿ ಪರೀಕ್ಷೆಯಿಂದ ದೃಢವಾಯಿತು. ಅದಕ್ಕೊಬ್ಬ ಸಂಗಾತಿಯನ್ನು ಹುಡುಕುತ್ತ ಉದ್ಯಾನದ ಕಾವಲುಗಾರರು ಆ ಕರಿಯ ಇಳಿಜಾರುಗಳನ್ನು ಮತ್ತೆ ಮತ್ತೆ ಹತ್ತಿದ್ದಾರೆ. ಅತ್ತೆಯವರು ಕತ್ತಲಾಗುತ್ತಿದ್ದ ಪರ್ವತವನ್ನು ನೋಡುತ್ತ, “ಎಲ್ಲಿಯೋ ಇದ್ದೀತು, ಹುಡುಕಲಿ” ಎಂದರು.