ಬರೆದುಕೊಡ್ತಾರಂತೆ

ಮೈಸೂರಿನ ಸರಸ್ವತಿಪುರಂನಲ್ಲಿ, ಮಾನಸಗಂಗೋತ್ರಿಗೆ ನಡೆದುಹೋಗುವಷ್ಟು ದೂರದಲ್ಲಿ ನನ್ನ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಸ್ಪೈರಲ್ ಬೈಂಡಿಂಗ್ ಯಂತ್ರ, ಕಾಯುವವರಿಗೆ ಒಂದು ಸ್ಟೂಲು. ಹದಿನೈದು ವರ್ಷ ನಾನು ಗಿರಾಕಿಗಳನ್ನು ಹುಡುಕಿದವನಲ್ಲ. ಒಬ್ಬರ ಥೀಸಿಸ್ ಮುಗಿಯುವುದರೊಳಗೆ ಅವರ ರೂಮ್‌ಮೇಟು ಕೈಬರಹದ ಕಟ್ಟು ಹಿಡಿದು ಆ ಸ್ಟೂಲಿನ ಮೇಲೆ ಕೂತಿರುತ್ತಿದ್ದ.

2020ರ ಮಾರ್ಚಿನಲ್ಲಿ ಬಾಗಿಲು ಹಾಕಿದೆ. ಮತ್ತೆ ತೆರೆದು, ಹಾಸ್ಟೆಲುಗಳು ತುಂಬಿದ ಮೇಲೂ ಹುಡುಗರು ಬರಲಿಲ್ಲ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಕನ್ನಡ ಮೂಡುವುದನ್ನು ಅವರು ಕಂಡುಕೊಂಡಿದ್ದರು. ಮದುವೆ ಕರೆಯೋಲೆಯೂ ವಾಟ್ಸಾಪ್ ಸೇರಿತ್ತು. ಸಾವಿರ ಕರಪತ್ರ ಮಾಡಿ ಪೇಪರ್ ಹಾಕುವ ಹುಡುಗನ ಕೈಗೆ ಕೊಟ್ಟೆ. ಬಂದದ್ದು ಎರಡು ಫೋನು. ಒಬ್ಬರಿಗೆ ಆಧಾರ್ ತಿದ್ದುಪಡಿ ಆಗಬೇಕಿತ್ತು. ಇನ್ನೊಬ್ಬರಿಗೆ ಕರಪತ್ರದ ಕಾಗದ ಎಲ್ಲಿ ಸಿಗುತ್ತದೆಂದು ತಿಳಿಯಬೇಕಿತ್ತು.

ಆ ಹೊತ್ತಿಗೆ ಬಂದವನು ಅವನು. "ಸರ್, ಟೈಪಿಂಗ್ ಅಲ್ಲ. ಎರಡನೇ ಅಧ್ಯಾಯ ನೀವೇ ಬರೆದುಕೊಟ್ಬಿಡಿ. ಎಷ್ಟು ಥೀಸಿಸ್ ನೋಡಿದೀರಿ, ನಿಮಗೇನು ಕಷ್ಟ?" ಕಷ್ಟವೇನೂ ಇರಲಿಲ್ಲ, ಅದೇ ತೊಂದರೆ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಅಂಥ ನಲವತ್ತು ಎರಡನೇ ಅಧ್ಯಾಯಗಳಿದ್ದವು. ಹತ್ತು ದಿನದಲ್ಲಿ ಹೊಲಿದುಕೊಟ್ಟೆ. ಮೂರು ತಿಂಗಳ ಬಾಡಿಗೆ ಹುಟ್ಟಿತು.

ಕರಪತ್ರ ಮಾಡದ್ದನ್ನು ಆ ಅಧ್ಯಾಯ ಮಾಡಿತು. "ಬರೆದುಕೊಡ್ತಾರಂತೆ" ಎಂಬ ಮಾತು ಹಾಸ್ಟೆಲಿನ ಮೆಸ್ಸಿನಲ್ಲಿ ಹರಡಿ, ಎರಡು ತಿಂಗಳಲ್ಲಿ ನಾಲ್ಕು ಜನ ಬಂದರು. ಒಬ್ಬಳು ಬೇರೆಲ್ಲೋ ಬರೆಸಿದ್ದನ್ನು ತಂದು "ಹತ್ತು ಪರ್ಸೆಂಟ್ ಒಳಗೆ ಇಳಿಸಿಕೊಡಿ" ಅಂದಳು. ಹೋಲಿಕೆ ಶೇ. 10 ದಾಟಿದರೆ ಕ್ರಮ ಎಂಬುದು ಯುಜಿಸಿಯ 2018ರ ನಿಯಮ. ಅದನ್ನು ತಪ್ಪಿಸಲು ನಾನು ಕೂತು 'ಆದರೆ' ಇದ್ದಲ್ಲಿ 'ಆದಾಗ್ಯೂ' ಹಾಕುತ್ತಿದ್ದೆ. ಕಾಗುಣಿತ ತಿದ್ದಿ ಬದುಕಿದವನು ಈಗ ನೆಟ್ಟಗಿದ್ದ ವಾಕ್ಯಗಳನ್ನು ಸೊಟ್ಟ ಮಾಡುತ್ತಿದ್ದೆ.

ಕನ್ನಡ ಎಂ.ಎ. ಓದುತ್ತಿದ್ದ ಮಗಳು ಒಂದು ಸಂಜೆ ಪರದೆ ನೋಡಿದಳು.

"ಯಾರ ಥೀಸಿಸ್ ಅಪ್ಪಾ?"

"ಗಿರಾಕೀದು."

"ಕೈಬರಹ ಎಲ್ಲಿ?"

ಟೀ ಕುಡಿದು ಬರ್ತೀನಿ ಎಂದು ಎದ್ದೆ. ಕೈಯಲ್ಲಿದ್ದ ಕೆಲಸ ಮುಗಿಸಿಕೊಟ್ಟೆ, ಮುಂಗಡ ತಗೊಂಡಾಗಿತ್ತು. ಆಮೇಲೆ ಬಂದವರಿಗೆ ಇಲ್ಲ ಅಂದೆ. ಸ್ಟೂಲು ಮತ್ತೆ ಖಾಲಿಯಾಯಿತು.

ಹಾಗೆ ನೊಣ ಹೊಡೆಯುತ್ತಿದ್ದಾಗ ಒಬ್ಬರು ನಿವೃತ್ತ ಮೇಷ್ಟ್ರು ಸಿ.ಡಿ. ಹಿಡಿದು ಬಂದರು. ತೀರಿಕೊಂಡ ಹೆಂಡತಿ ಬರೆದಿದ್ದ ಬಾಲ್ಯದ ನೆನಪುಗಳು, ನುಡಿ ಫಾಂಟಿನಲ್ಲಿ. ಮಗನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತು. ಹಳೆಯ ನುಡಿ ಕಡತ ಹಾಗೆಯೇ. ಫಾಂಟು ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದದ ನಡುವೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಕೂತಿರುತ್ತದೆ. ಯೂನಿಕೋಡಿಗೆ ಬದಲಿಸುವುದು ಒಂದು ಗುಂಡಿಯ ಕೆಲಸ. ಆದರೆ ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರಕ್ಕೆ ಜಾರುತ್ತದೆ, ಸಾಲುಸಾಲು ಓದಲೇಬೇಕು. ನಾನು ಗಟ್ಟಿಯಾಗಿ ಓದುತ್ತಿದ್ದೆ, ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಕಡೆ ತಡೆದರು.

"ಅಲ್ಲಿ ಹಿತ್ತಲು ಅಂತಿತ್ತಾ?"

"ಹಿತ್ಲು ಅಂತಿತ್ತು ಸಾರ್, ನಾನೇ ತಿದ್ದಿದೆ."

"ಬೇಡಪ್ಪ. ಅವಳಿಗೆ ಅದು ಹಿತ್ಲೇ."

ಎಲ್ಲ ಕಡೆಯೂ ಹಿತ್ಲು ಮಾಡಿದೆ. ನೂರಾ ಅರವತ್ತು ಪುಟಕ್ಕೆ ಹದಿನೆಂಟು ದಿನ ಹಿಡಿಯಿತು. ಚೌಕಾಸಿ ಮಾಡಿಯೇ ದುಡ್ಡು ಕೊಟ್ಟರು, ಮೇಷ್ಟ್ರಲ್ಲವೇ. ಆದರೆ ಕುಕ್ಕರಹಳ್ಳಿ ಕೆರೆಯ ವಾಕಿಂಗ್ ಗೆಳೆಯರಿಗೆಲ್ಲ ಹೇಳಿದರು. ತಿಂಗಳೊಳಗೆ ಅಲ್ಲಿಂದ ಮೂವರು ಬಂದರು: ಒಬ್ಬರು ತಂದೆಯ ದಿನಚರಿ ತಂದರು, ಒಬ್ಬರು ಅಜ್ಜಿಯ ಹಾಡಿನ ಪುಸ್ತಕ, ಮತ್ತೊಬ್ಬರು ತಾವೇ ಬರೆದ, ಸ್ವಲ್ಪ ಉದ್ದವೇ ಆದ, ಮಹಾಕಾವ್ಯ. ಇವರಿಂದ ಬಾಡಿಗೆ ಅರ್ಧ ಹುಟ್ಟುತ್ತದೆ. ಉಳಿದರ್ಧಕ್ಕೆ ಈಗಲೂ ಜೆರಾಕ್ಸ್ ಹೊಡೆಯುತ್ತೇನೆ.

ಕಳೆದ ವಾರ ಒಬ್ಬ ಹುಡುಗ ಬಂದು ಸ್ಟೂಲಿನ ಮೇಲೆ ಕೂತ.

"ಅಂಕಲ್, ನೀವು ಬರೆದುಕೊಡ್ತೀರಂತೆ?"

"ಯಾರು ಹೇಳಿದ್ದು?"

"ನಮ್ಮ ಲೆಕ್ಚರರ್." ಹೆಸರು ಹೇಳಿದ. ಎರಡನೇ ಅಧ್ಯಾಯದವನು. ಈಗ ಹೆಸರಿನ ಹಿಂದೆ ಡಾಕ್ಟರ್ ಇದೆ.

"ಟೈಪಿಂಗ್ ಮಾತ್ರ" ಅಂದೆ. ಹುಡುಗ ನಂಬಲಿಲ್ಲ. ರೇಟು ಏರಿಸಲು ಹಾಗನ್ನುತ್ತಿದ್ದೇನೆ ಅಂದುಕೊಂಡಿರಬೇಕು. ಜೇಬಿಗೆ ಕೈ ಹಾಕಿದ.